ಬದಲಿ ಕಾವಲು

"ಮೇಜರ್ ಅಂದ್ರೆ ನೀವೇನಾ?"

ಕೇಳಿದವಳು ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಕೂತಿದ್ದಳು. ಮೂಗಿನ ಮೇಲೆ ಗಾಜು ಬದಲಾಯಿಸಿ ನೋಡುವ ಭಾರದ ಚೌಕಟ್ಟು, ಎಡಗಣ್ಣಿಗೆ ಕಪ್ಪು ಬಿಲ್ಲೆ. ತಲೆನೋವು ಅಂತ ಬಂದವಳು ಗೋಡೆಯ ಫಲಕದ ಕೊನೆಯ ಸಾಲಿನಲ್ಲಿದ್ದ ಇರುವೆಯಂಥ ಅಕ್ಷರಗಳನ್ನೂ ತಡವರಿಸದೆ ಓದಿ ಮುಗಿಸಿದ್ದಳು. ಕನ್ನಡಕದಂಗಡಿಯವನು ಕೈಯಲ್ಲಿದ್ದ ಗಾಜನ್ನು ಪೆಟ್ಟಿಗೆಯ ಯಾವುದೋ ಗೂಡಿಗೆ ಸಿಕ್ಕಿಸಿದ. ಅದು ಅದರ ಗೂಡಾಗಿರಲಿಲ್ಲ.

ಅವನನ್ನು ಮೇಜರ್ ಎಂದು ಬಾಯಿಬಿಟ್ಟು ಕರೆಯುತ್ತಿದ್ದವಳು ಲೋಕದಲ್ಲಿ ಅವನ ಹೆಂಡತಿ ಒಬ್ಬಳೇ, ಅದೂ ಕೆಣಕಲಿಕ್ಕೆ. "ಮೇಜರ್ ಸಾಹೇಬ್ರೇ, ಶತ್ರುಗಳು ಸಿಂಕಿನ ಕೆಳಗೆ ಬೀಡು ಬಿಟ್ಟಿದಾರೆ, ಪೊರಕೆ ಹಿಡ್ಕೊಂಡು ಬನ್ನಿ" ಎಂದು ಅಡುಗೆಮನೆಯಿಂದ ಕೂಗುವಳು. ಜಿರಲೆ ಹೊಡೆಯುವುದರಾಚೆ ಅವನು ಕಂಡ ಯುದ್ಧವಿರಲಿಲ್ಲ. ಶಾಲೆಯ ಕವಾಯತಿನಿಂದಲೇ ಚಪ್ಪಟೆ ಪಾದವೆಂದು ಹೊರಗೆ ಕಳಿಸಿದ್ದರು.

ಆದರೆ ದಿನಾ ಸಂಜೆ, ಅಂಗಡಿಯ ಗಿರಾಕಿ ತೆಳುವಾದ ಮೇಲೆ, ಅವನು ಹಿಮದ ಗುಡ್ಡವೊಂದರ ಮೇಲಿನ ಠಾಣೆಯನ್ನು ಆಳುತ್ತಿದ್ದ. ಇಂಟರ್‌ನೆಟ್ಟಿನ ಒಂದು ಪುಟದಲ್ಲಿ ಮುಖಪರಿಚಯವಿಲ್ಲದ ಕೆಲವರು ಕೂಡಿ ಒಂದು ಸೈನ್ಯದ ಕಥೆ ಬರೆಯುತ್ತಿದ್ದರು. ಒಬ್ಬೊಬ್ಬರಿಗೆ ಒಬ್ಬೊಬ್ಬ ಸಿಪಾಯಿ. ತನ್ನ ಸಿಪಾಯಿಯ ಮಾತು, ಓಟ, ಗಾಯ ಎಲ್ಲ ಅವರವರೇ ಬರೆಯಬೇಕು. ಯಾರ ಸರದಿ ಎಂದು ನೋಡುವುದು, ಜಗಳ ಬಿಡಿಸುವುದು, ಕಥೆ ನಿಜದ ನೆಲ ಬಿಟ್ಟು ಹಾರದಂತೆ ಕಾಯುವುದು ಮೇಜರನ ಕೆಲಸ. ಗುಂಡು ತಗಲಿದವನು ಮರುದಿನ ಓಡಬಾರದು. ಒದ್ದೆಯಾದ ಬೂಟು ಒಣಗಲು ಹೊತ್ತು ಹಿಡಿಯಬೇಕು.

ಅಡುಗೆಭಟನ ಪಾತ್ರ ಒಬ್ಬ ಬಸ್ ಕಂಡಕ್ಟರನದು. ಶೆಲ್ ಬೀಳುತ್ತಿರುವಾಗಲೂ ಅವನು "ಒಳಗೆ ನಡೀರಿ, ಒಳಗೆ ಜಾಗ ಇದೆ" ಎಂದೇ ಬರೆಯುವನು. ಠಾಣೆಯ ಡಾಕ್ಟರ್ ಎಂದರೆ ನಿವೃತ್ತ ಭೂಗೋಳದ ಮೇಡಂ. ಗುಡ್ಡದ ನಕ್ಷೆ ಬರೆದವರು ಅವರೇ. ನಕ್ಷೆಯಲ್ಲಿಲ್ಲದ ಒಂದು ಕಲ್ಲನ್ನು ಯಾರಾದರೂ ಎಡವಿದರೂ ಬೆಂಚಿನ ಮೇಲೆ ನಿಲ್ಲಿಸಿದಂತೆ ಬೈಯುವರು. ಇನ್ನು ವೈರ್‌ಲೆಸ್. ಠಾಣೆಯ ರೇಡಿಯೋ ಹಿಡಿದ ಆ ಸಿಪಾಯಿಯನ್ನು ಬರೆಯುವವನು ಯಾರು, ಏನು ಮಾಡುತ್ತಾನೆ ಎಂದು ಯಾರಿಗೂ ತಿಳಿಯದು. ಮಾತು ಕಮ್ಮಿ. ಏನೇ ಬರೆದರೂ ಕೊನೆಗೊಂದು "ಕೇಳಿಸ್ತಾ ಇದೆಯಾ?" ಇರಲೇಬೇಕು.

"ನಾನು ವೈರ್‌ಲೆಸ್‌ನ ತಂಗಿ" ಎಂದಳು ಕುರ್ಚಿಯಲ್ಲಿದ್ದವಳು, ಚೌಕಟ್ಟು ಬಿಚ್ಚುತ್ತ. "ಅಣ್ಣ ಹೇಳಿದ್ದ, ನಮ್ಮ ಮೇಜರ್ ಕೈಲೇ ಕನ್ನಡಕ ಮಾಡಿಸ್ಕೊಂಡು ಬಂದೆ ಅಂತ. ಪುಟದಲ್ಲಿ ನಿಮ್ಮ ಅಂಗಡಿ ನಂಬರ್ ನೋಡಿ ಬಂದಿದ್ದನಂತೆ. ನಿಮಗೆ ಗೊತ್ತಾಗಲಿಲ್ವಂತೆ. ಮನೇಲಿ ಕೂತು ಒಬ್ಬನೇ ನಗ್ತಿದ್ದ."

ಅಂದರೆ ವೈರ್‌ಲೆಸ್ ಇದೇ ಕುರ್ಚಿಯಲ್ಲಿ ಕೂತಿದ್ದ. ಅಂಗಡಿಯವನಿಗೆ ಗಿರಾಕಿಗಳ ಮುಖ ನೆನಪಿರುವುದಿಲ್ಲ, ಕಣ್ಣು ನೆನಪಿರುತ್ತದೆ. ಅಣ್ಣನ ಕಣ್ಣು ಹೇಗೆ ಎಂದು ಕೇಳಿದ. ಬಲಗಣ್ಣು ಚೂರು ಮೇಲಕ್ಕಿದೆ ಎಂದಳು. ಆಗ ನೆನಪಾಯಿತು. ಬಲಗಡೆ ಗಾಜಿನ ನಡುವನ್ನು ಎರಡು ಸಲ ಗುರುತು ಹಾಕಿ ಉಜ್ಜಿದ್ದ. ಗಿರಾಕಿ ಹೊಸ ಕನ್ನಡಕ ಹಾಕಿಕೊಂಡು, ಬೀದಿಯ ಆ ಬದಿಯ ಬೋರ್ಡನ್ನು ಬಿಟ್ಟು ಅಂಗಡಿಯವನ ಮುಖವನ್ನೇ ದಿಟ್ಟಿಸಿದ್ದ. "ಈಗ ಸರಿಯಾಗಿ ಕಾಣ್ತೀರಿ" ಅಂದಿದ್ದ. ತೆಳ್ಳನೆಯ ದನಿ, ಕೊನೆಯಲ್ಲಿ ಮೇಲೇಳುವ ದನಿ.

"ಹೇಗಿದಾನೆ?" ಎಂದು ಕೇಳಿದ.

"ಅದನ್ನ ನೀವೇ ಹೇಳಬೇಕು" ಎಂದಳು ತಂಗಿ. "ಒಂದು ದಿನ ಬೆಳಿಗ್ಗೆ ಕೆಲಸಕ್ಕೆ ಹೋದವನು ಮನೆಗೆ ಬರಲೇ ಇಲ್ಲ. ಹಿಂದಿನ ದಿನ ಅಪ್ಪನ ಜೊತೆ ಮಾತಿಗೆ ಮಾತು ಬೆಳೆದಿತ್ತು. ಆಸ್ಪತ್ರೆ, ಬಸ್ ಸ್ಟ್ಯಾಂಡು, ಸ್ನೇಹಿತರ ಮನೆ, ಎಲ್ಲಾ ಸುತ್ತಿದ್ವಿ. ಪೊಲೀಸ್ ಕಂಪ್ಲೇಂಟೂ ಕೊಟ್ವಿ. ಆಮೇಲೆ ಅಮ್ಮನಿಗೆ ಈ ನಿಮ್ಮ ಪುಟ ಸಿಕ್ತು. ನೋಡಿದ್ರೆ ದಿನಾ ಬರೀತಾ ಇದಾನೆ."

ಅಂಗಡಿಯವನು ತಪ್ಪು ಗೂಡಿನಲ್ಲಿದ್ದ ಗಾಜನ್ನು ತೆಗೆದು ಅದರ ಗೂಡಿಗೆ ಹಾಕಿದ.

"ಅಪ್ಪ ಆವತ್ತೇ ಹೋಗಿ ಕಂಪ್ಲೇಂಟ್ ವಾಪಸ್ ತಗೊಂಡ್ರು. ಸಿಟ್ಟು ಇಳಿದ ಮೇಲೆ ಬರ್ತಾನೆ, ಹುಡುಕಿದ್ರೆ ಇನ್ನೂ ದೂರ ಹೋಗ್ತಾನೆ ಅಂದ್ರು. ಅಮ್ಮ ಅಂತೂ ಮೊಬೈಲು ಕೆಳಗಿಡಲ್ಲ. ಕಣ್ಣು ಉರಿ ಅಂತಾಳೆ." ಬ್ಯಾಗಿನಿಂದ ಹಳೆಯ ಕನ್ನಡಕವೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. "ಇದಕ್ಕೆ ಸ್ವಲ್ಪ ಜಾಸ್ತಿ ಪವರ್ ಹಾಕಿಕೊಡಿ. ಮನೇಲಿ ನಾಲ್ಕು ಮಾತಾಡದವನು ಅಲ್ಲಿ ಎಷ್ಟು ಬರೀತಾನೆ! ತಮಾಷೆ ಬೇರೆ. ಅಮ್ಮ ಹೇಳ್ತಾಳೆ, ಎಲ್ಲೋ ಚೆನ್ನಾಗಿದಾನೆ, ಊಟ ಸರಿಹೋಗಿದೆ ಅಂತ."

ಆ ತಮಾಷೆಗಳೆಲ್ಲ ಅಂಗಡಿಯವನವು.

ಯಾರಾದರೂ ತಮ್ಮ ಸರದಿಗೆ ಬಾರದಿದ್ದರೆ ಅವರ ಸಿಪಾಯಿಯನ್ನು ಮೇಜರ್ ನೋಡಿಕೊಳ್ಳಬೇಕೆಂಬ ಪದ್ಧತಿ ಪುಟದಲ್ಲಿತ್ತು. ಅದಕ್ಕೆ ಬದಲಿ ಕಾವಲು ಎಂದು ಹೆಸರು. ಯಾವ ಪಾತ್ರದ ಹೆಸರಿನಲ್ಲಾದರೂ ಬರೆಯುವ ಅಧಿಕಾರ ಅವನಿಗಿತ್ತು. ಬರೆದದ್ದು ಬದಲಿ ಎಂದು ತಿಳಿಯಲು ಸಾಲಿನ ಮೊದಲಿಗೆ ಒಂದು ಚುಕ್ಕೆ ಇಡಬೇಕು, ಅಷ್ಟೆ. ಅಣಕದಲ್ಲಿ ಅವನದು ಪಳಗಿದ ಕೈ. ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ಮೈಕಿಗೆ ಬಾಯಿಟ್ಟು ಇಡೀ ಕಾಲೇಜಿಗೆ ರಜೆ ಕೊಟ್ಟಿದ್ದವನು. ವೈರ್‌ಲೆಸ್ ಬಾರದಿದ್ದಾಗ ಅವನದೇ ಧಾಟಿಯಲ್ಲಿ, ಚುಕ್ಕೆ ಇಟ್ಟು, ಬರೆದ. ಒಂದು ದಿನ ಗಿರಾಕಿ ಬಂದ ಗಡಿಬಿಡಿಯಲ್ಲಿ ಚುಕ್ಕೆ ಮರೆತ. ಡಾಕ್ಟರ್ ಮೇಡಂ ಕೆಳಗೆ ಬರೆದರು: "ವೈರ್‌ಲೆಸ್ ಮರಳಿದ್ದಾನೆ, ಅವನ ಬರವಣಿಗೆಯ ಮುಂದೆ ಬದಲಿ ಯಾವ ಲೆಕ್ಕ." ಅಂಗಡಿಯವನು ಆ ಸಂಜೆಯೆಲ್ಲ ಗಾಜು ಒರೆಸುತ್ತ ಒಳಗೊಳಗೇ ನಕ್ಕಿದ್ದ. ಅಲ್ಲಿಂದ ಮುಂದೆ ಚುಕ್ಕೆ ಇಟ್ಟಿರಲಿಲ್ಲ.

"ಮೊನ್ನೆ ಬರೆದಿದ್ನಲ್ಲ," ತಂಗಿ ಹೇಳುತ್ತಿದ್ದಳು, "ಮಾತು ಶುರು ಮಾಡೋ ಮುಂಚೆ ಚಮಚದಲ್ಲಿ ಲೋಟಕ್ಕೆ ಬಡೀತೀನಿ ಅಂತ. ಅಮ್ಮ ಅತ್ತುಬಿಟ್ಟಳು. ಊಟಕ್ಕೆ ಕೂತಾಗ ಹಾಗೇ ಮಾಡ್ತಿದ್ದ. ಬಡೀದೆ ಮಾತೇ ಆಡ್ತಿರಲಿಲ್ಲ."

ಮೊನ್ನೆ ಅವನು ಚಹಾ ಕಲಕುತ್ತ ಕೂತಿದ್ದಾಗ ಹೊಳೆದ ಸಾಲು ಅದು. ಸುಮ್ಮನೆ, ಕೈಗೆ ಸಿಕ್ಕಿತೆಂದು ಬರೆದದ್ದು. ಅಂಗಡಿಯ ಫ್ಯಾನು ತಿರುಗುತ್ತಲೇ ಇತ್ತು. ಅವನ ಕತ್ತಿನ ಹಿಂದೆ ಮಾತ್ರ ಯಾರೋ ಬಾಗಿಲು ತೆರೆದಿಟ್ಟಂತೆ ತಣ್ಣಗಾಯಿತು.

"ಒಂದು ಉಪಕಾರ ಮಾಡಿ" ಎಂದಳು. "ಅಪ್ಪ ಅಮ್ಮ ಬರೆದ್ರೆ ಉತ್ತರ ಕೊಡಲ್ಲ. ಆದ್ರೆ ನೀವು ಅವನ ಮೇಜರ್. ಕಥೆಯೊಳಗೇ ಒಂದು ಆರ್ಡರ್ ಹಾಕಿ, ಎಲ್ಲಿದ್ದೀಯ ತಿಳಿಸು ಅಂತ. ನಿಮ್ಮ ಮಾತು ಕೇಳ್ತಾನೆ."

ನಿಜ ಹೇಳಲು ಅವನು ಬಾಯಿ ತೆರೆದ. ಮೇಜಿನ ಮೇಲೆ ಅಮ್ಮನ ಕನ್ನಡಕ ಕಾಲು ಚಾಚಿ ಬಿದ್ದಿತ್ತು.

"ಹಾಕ್ತೀನಿ" ಅಂದ.

ಅವಳು ಹೋದ ಮೇಲೆ ಹಾಕಿಯೂ ಹಾಕಿದ. "ವೈರ್‌ಲೆಸ್, ನಿನ್ನ ಸ್ಥಳ ತಿಳಿಸು." ಹಾಕಿದ ಮೇಲೆ, ಉತ್ತರ ಬರೆಯಬೇಕಾದವನೂ ತಾನೇ ಎಂಬುದು ಎದೆಗೆ ಬಂದು ತಾಗಿತು. ಬೆರಳು ಅಭ್ಯಾಸಬಲದಿಂದ ವೈರ್‌ಲೆಸ್ ಹೆಸರಿನ ಮೇಲೆ ಹೋಗಿ ನಿಂತಿತು. ಎಲ್ಲಿಯೋ ಒಂದು ಮನೆಯಲ್ಲಿ ಒಬ್ಬ ತಾಯಿ ಇದೇ ಪುಟವನ್ನು ಮೂಗಿನ ಹತ್ತಿರ ಹಿಡಿದು ಕಾಯುತ್ತಿದ್ದಾಳೆ. ಮೊಬೈಲನ್ನು ಬೋರಲು ಹಾಕಿದ.

ಮರುದಿನವೂ ಠಾಣೆ ಮೌನವಾಗಿತ್ತು. ಅಡುಗೆಭಟ "ಮುಂದಿನ ಸ್ಟಾಪ್ ಯಾವುದು ಸ್ವಾಮಿ, ಗಾಡಿ ನಿಂತೇಬಿಟ್ಟಿದೆ" ಎಂದು ಕೆಣಕಿದ. ಮಧ್ಯಾಹ್ನ ಡಾಕ್ಟರ್ ಮೇಡಂ ಫೋನ್ ಮಾಡಿದರು. ಅಂಗಡಿಯವನು ತಡೆಯಲಾರದೆ ಅವರಿಗೆ ಎಲ್ಲ ಹೇಳಿದ: ಚುಕ್ಕೆ, ತಂಗಿ, ವಾಪಸ್ಸಾದ ಕಂಪ್ಲೇಂಟು. ಮೇಡಂ ಬೈಯಲಿಲ್ಲ. ಅದರಿಂದಲೇ ಅವನಿಗೆ ದಿಗಿಲಾಯಿತು.

"ಅವನು ತಾನೇ ಬರೆದ ಕೊನೇ ಸಾಲು ಯಾವುದಪ್ಪಾ?" ಎಂದರು ಕಡೆಗೆ.

"ಬ್ಯಾಟರಿ ಮುಗೀತು ಅಂತ."

"ಪೂರ್ತಿ ಹೇಳು."

ಅವನು ಕಣ್ಣು ಮುಚ್ಚಿದ. ನೆನಪು ಪುಟದಷ್ಟೇ ಸ್ಪಷ್ಟವಾಗಿ ಬಂತು: ಬ್ಯಾಟರಿ ಮುಗಿದಿದೆ. ಹಳೇ ಪಂಪ್‌ಹೌಸಿಗೆ ಇಳೀತೀನಿ. ಯಾರೂ ಹಿಂದೆ ಬರಬೇಡಿ. ಕೇಳಿಸ್ತಾ ಇದೆಯಾ?

"ನಾನೇ ಗಲಾಟೆ ಮಾಡಿದ್ದು" ಎಂದರು ಮೇಡಂ. ದನಿ ಮುದುಕಿಯದಾಗಿತ್ತು. "ಹಿಮ ಕರಗಿಸಿ ಕುಡಿಯೋ ಗುಡ್ಡದಲ್ಲಿ ಪಂಪ್‌ಹೌಸ್ ಎಲ್ಲಿಂದ ಬಂತು, ನಕ್ಷೆಯಲ್ಲಿ ತೋರಿಸು ಅಂತ."

"ನಾನು ಅಳಿಸಿದೆ" ಎಂದ ಅವನು. ಅಳಿಸಿ, ಆ ಜಾಗದಲ್ಲೇ ಬರೆದಿದ್ದ: ಮಂಚದ ಕೆಳಗೆ ಇನ್ನೊಂದು ಬ್ಯಾಟರಿ ಸಿಕ್ಕಿತು. ವೈರ್‌ಲೆಸ್ ನಕ್ಕ. ಆ ಸಾಲಿಗೆ ಚುಕ್ಕೆ ಇಟ್ಟಿದ್ದ, ಬಲು ಪ್ರಾಮಾಣಿಕವಾಗಿ.

ತಂಗಿಗೆ ಫೋನ್ ಮಾಡಿ ಪಂಪ್‌ಹೌಸ್ ಇದ್ದ ಆ ಸಾಲನ್ನು ಹೇಳಿದ.

"ಯಾವಾಗ ಬರೆದ? ನಾವು ಒಂದೊಂದು ಸಾಲೂ ಓದಿದೀವಿ."

"ನೀವು ನೋಡೋಕೆ ಮುಂಚೆ. ನಾನು ತೆಗೆದುಬಿಟ್ಟಿದ್ದೆ. ಕಥೆಗೆ ಹೊಂದಲಿಲ್ಲ ಅಂತ."

"ನೀರು ಸರಬರಾಜಿನವರದು ಒಂದಿದೆ, ನಮ್ಮ ಹಳೇ ಮನೆ ಹಿಂದೆ" ಎಂದಳು ಅವಳು ನಿಧಾನವಾಗಿ. "ಮುಚ್ಚಿ ಎಷ್ಟೋ ವರ್ಷ ಆಯ್ತು. ಚಿಕ್ಕವರಿದ್ದಾಗ ಅಲ್ಲೇ ಯುದ್ಧದ ಆಟ ಆಡ್ತಿದ್ವಿ. ಅವನು ಯಾವಾಗಲೂ ಒಳಗೆ. ನಾನು ಹೊರಗೆ ಕಾವಲು." ಆಮೇಲೆ, "ಬನ್ನಿ ನನ್ನ ಜೊತೆ. ಅಪ್ಪನಿಗೆ ಹೇಳೋಕೆ ಧೈರ್ಯ ಇಲ್ಲ."

ಅವರು ತಲುಪಿದಾಗ ಇಳಿಬಿಸಿಲು. ಗಿಡಗಂಟಿಯ ನಡುವೆ ಸಿಮೆಂಟಿನ ಒಂದೇ ಕೋಣೆ, ತುಕ್ಕು ಹಿಡಿದ ತಗಡಿನ ಬಾಗಿಲು. ಬಾಗಿಲಿಗೆ ಬೀಗವಿರಲಿಲ್ಲ, ಒಳಗಿನಿಂದ ಒತ್ತಿಟ್ಟಿದ್ದ ಒಂದು ಇಟ್ಟಿಗೆ ತಳ್ಳಿದಾಗ ಸರಿಯಿತು. ಒಳಗಿನ ಮೋಟರನ್ನು ಯಾವಾಗಲೋ ಕಿತ್ತು ಒಯ್ದಿದ್ದರು. ನೆಲದ ನಡುವೆ ಚೌಕ ಬಾವಿ, ಅದರ ಬಾಯಿಗಿದ್ದ ಹಲಗೆಗಳಲ್ಲಿ ಎರಡು ಪಕ್ಕಕ್ಕೆ ಸರಿದಿದ್ದವು. ಕತ್ತಲೆಯೊಳಕ್ಕೆ ಒಂದು ದಪ್ಪ ಪೈಪು ಇಳಿದುಹೋಗಿತ್ತು.

ಅವನ ಕಣ್ಣು ಮೊದಲು ಹೋದದ್ದು ಹಳೆಯ ಸ್ವಿಚ್‌ಬೋರ್ಡಿನ ಕಡೆಗೆ. ಅದರ ಮೇಲೆ ಒಂದು ಕನ್ನಡಕ, ಕಾಲು ಮಡಿಸಿ, ಮಲಗುವ ಮುಂಚೆ ತೆಗೆದಿಟ್ಟಂತೆ ಇತ್ತು. ಎತ್ತಿ ಬಾಗಿಲ ಬೆಳಕಿಗೆ ಹಿಡಿದ. ಗಾಜಿನ ಮೇಲೆ ದೂಳು ಕೂತಿತ್ತು. ಹೆಬ್ಬೆರಳಿನಿಂದ ಒರೆಸಿ, ಬಲಗಡೆಯ ಗಾಜನ್ನು ಮೇಲೆ ಕೆಳಗೆ ಆಡಿಸಿ ನೋಡಿದ. ನಡುಬಿಂದು ಚೂರು ಮೇಲಕ್ಕಿತ್ತು. ತಂಗಿಯ ಕೈಗೆ ಕೊಟ್ಟ.

ಅವಳು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಬಾವಿಯ ಅಂಚಿಗೆ ಬಂದು ಮಂಡಿಯೂರಿದಳು.

"ಅಣ್ಣಾ."

ಕೆಳಗಿನಿಂದ ಅವಳದೇ ದನಿ, ತಡವಾಗಿ, ಒದ್ದೆಯಾಗಿ ಬಂತು. ಮತ್ತೆ ಕರೆದಳು. ಮತ್ತೆ ಅದೇ. ಅವಳು ತಲೆಯೆತ್ತದೆ ಹೇಳಿದಳು, "ಮೇಜರ್, ನೀವು ಕರೀರಿ. ಇವತ್ತು ಬೆಳಿಗ್ಗೆ ಕೂಡ ಅಮ್ಮ ಅಂದಳು, ನಿನ್ನೆ ಬರೆದಿಲ್ಲ, ಇವತ್ತು ಬರೀತಾನೆ ಅಂತ. ಅವನು ಬರೀತಿದ್ದ. ಮೊನ್ನೆ ತನಕ ಬರೀತಿದ್ದ. ಕರೀರಿ."

ಅವನು ಅವಳ ಪಕ್ಕದಲ್ಲಿ ಬಾಗಿದ. ಕೆಳಗೆ ಎಲ್ಲೋ, ಪೈಪಿನ ಮೇಲೆ ಹನಿ ಬಿದ್ದಿತೋ ಏನೋ, ಲೋಟಕ್ಕೆ ಚಮಚ ತಾಗಿದಂತೆ ಸಣ್ಣಗೆ ಸದ್ದಾಯಿತು. ಸ್ವಲ್ಪ ಬಿಟ್ಟು ಇನ್ನೊಮ್ಮೆ. ಆಮೇಲೆ ಯಾರೋ ಮಾತಿಗೆ ಕಾಯುವಂಥ ಮೌನ.

ಹೆಸರು ಹಿಡಿದು ಕರೆಯಬೇಕೆಂದುಕೊಂಡಿದ್ದ. ಹೆಸರು ಅವನಿಗೆ ಗೊತ್ತಿರಲಿಲ್ಲ. ಬಾಯಿ ತೆರೆದಾಗ ಇಷ್ಟು ದಿನದ ರೂಢಿಯೇ ಹೊರಗೆ ಬಂತು. ತನ್ನ ದಪ್ಪ ದನಿ ಬರಲಿಲ್ಲ. ತೆಳ್ಳನೆಯ, ಕೊನೆಯಲ್ಲಿ ಮೇಲೇಳುವ ದನಿ.

"ಕೇಳಿಸ್ತಾ ಇದೆಯಾ?"

ಬಾವಿ ಅದನ್ನು ಒಂದಿಷ್ಟೂ ಕೆಡದಂತೆ ಹಿಂದಕ್ಕೆ ಕೊಟ್ಟಿತು.

ತಂಗಿ ಬಾವಿಯಿಂದ ಮುಖ ತಿರುಗಿಸಿದಳು. ಅವನ ಕಣ್ಣನ್ನಲ್ಲ, ಬಾಯಿಯನ್ನೇ ನೋಡಿದಳು, ಪುಟದ ಸಾಲುಗಳನ್ನೆಲ್ಲ ಮೊದಲಿನಿಂದ ಇನ್ನೊಮ್ಮೆ ಓದುವವಳಂತೆ. ಅವಳ ಬ್ಯಾಗಿನೊಳಗೆ ಮೊಬೈಲು ನಡುಗಿ, ಬಟ್ಟೆಯ ಮೂಲಕ ಬೆಳಕು ಕಾಣಿಸಿತು. ಅಮ್ಮನದೇ ಇರಬೇಕು; ಅವಳು ಅದನ್ನು ತೆಗೆಯಲಿಲ್ಲ. ಅಣ್ಣನ ಕನ್ನಡಕವನ್ನು ಸೀರೆಯ ಸೆರಗಿನಲ್ಲಿ ಒರೆಸತೊಡಗಿದಳು, ಮೊದಲು ಎಡಗಡೆ, ಆಮೇಲೆ ಬಲಗಡೆ, ಮತ್ತೆ ಎಡಗಡೆ.