ಅಣ್ಣನ ಪಾಸ್‌ವರ್ಡ್

ಕನ್ನಡಕದ ಗಾಜು ತಯಾರಿಸುವ ಆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಸಾಣೆಯಕ್ಕ ಎಂದೇ ಕರೆಯುತ್ತಿದ್ದರು. ಗಾಜಿಗೆ ಸಾಣೆ ಹಿಡಿಯುವ ಯಂತ್ರದ ಮುಂದೆ ಹತ್ತೊಂಬತ್ತು ವರ್ಷ ಕೂತವಳು. ಅಲ್ಲಿನ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವನು ಅವಳ ಒಡಹುಟ್ಟಿದ ಅಣ್ಣ. ಅವನು ತೀರಿಕೊಂಡು ಇಪ್ಪತ್ತೆರಡು ದಿನಗಳಾಗಿದ್ದವು. ಅವಳಿಗೆ ಊಟ ಸೇರುತ್ತಿತ್ತು, ನಿದ್ದೆ ಬರುತ್ತಿತ್ತು. ಅಳು ಮಾತ್ರ ಬಂದಿರಲಿಲ್ಲ. "ನಿಂದು ಕಲ್ಲೆದೆ ಕಣೆ" ಎಂದಿದ್ದಳು ಅತ್ತಿಗೆ. ಇದ್ದರೂ ಇರಬಹುದು ಅಂದುಕೊಂಡು ಅವಳು ಕೆಲಸಕ್ಕೆ ಬಂದಿದ್ದಳು.

ಆ ಬೆಳಿಗ್ಗೆ ಯಜಮಾನಿ ಅವಳನ್ನು ತಮ್ಮ ಕೋಣೆಗೆ ಕರೆಸಿದರು. ಹೊರಗಿನಿಂದ ಬಂದ ಕಂಪ್ಯೂಟರಿನವನೊಬ್ಬ ಆರ್ಡರ್ ಬರೆದುಕೊಂಡು ಸಾಣೆ ಯಂತ್ರಕ್ಕೆ ಕಳಿಸುವ ಕಂಪ್ಯೂಟರಿನ ಮುಂದೆ ಕೂತಿದ್ದ. ಅದರ ಆಪರೇಟಿಂಗ್ ಸಿಸ್ಟಮ್ ಹಳೆಯದಾಗಿ, ಮಾಡಿದ ಕಂಪನಿಯೇ ಕೈಬಿಟ್ಟಿತ್ತು. ಬದಲಾಯಿಸದೆ ವಿಧಿಯಿರಲಿಲ್ಲ.

"ಇದರ ಮುಖ್ಯ ಪಾಸ್‌ವರ್ಡ್ ಯಾರಿಗೆ ಗೊತ್ತು?" ಎಂದು ಅವನು ಕೇಳಿದ.

"ನಮ್ಮಣ್ಣನಿಗೆ" ಎಂದಳು ಸಾಣೆಯಕ್ಕ.

"ಅವರು ಯಾವಾಗ ಬರ್ತಾರೆ?"

"ಬರಲ್ಲ."

ಯಜಮಾನಿ ನೆಲ ನೋಡಿದರು. ಅವನಿಗೆ ಆಗ ಅರ್ಥವಾಯಿತು. ಆಮೇಲೆ ದನಿ ತಗ್ಗಿಸಿ, ಮುಂದೆ ಏನು ಮಾಡಬಹುದು ಎಂದು ವಿವರಿಸಿದ. ಅದೇ ಕಂಪನಿಯ ಹೊಸ ಸಿಸ್ಟಮ್ ಕೊಳ್ಳಬಹುದು. ಇಲ್ಲವೇ, ಯಾರು ಬೇಕಾದರೂ ಪುಕ್ಕಟೆ ಹಾಕಿಕೊಳ್ಳಬಹುದಾದ ಇನ್ನೊಂದಿದೆ. ಗಟ್ಟಿ, ವೈರಸ್ ಕಾಟವೂ ಕಡಿಮೆ.

"ಪುಕ್ಕಟೆದೇ ಹಾಕಿ. ಬಿಟ್ಟಿ ಸಿಕ್ಕರೆ ನನಗೊಂದು, ನಮ್ಮಪ್ಪಂಗೊಂದು" ಎಂದು ಯಜಮಾನಿ ನಗಲು ನೋಡಿದರು. ನಂತರ ಸಾಣೆಯಕ್ಕನತ್ತ ತಿರುಗಿದರು. "ನೀನೇನಂತೀಯಮ್ಮ? ನಿಮ್ಮಣ್ಣ ಇದ್ದಿದ್ರೆ ಅವನನ್ನೇ ಕೇಳ್ತಿದ್ದೆ."

ಅವಳು ಪಾಠ ಒಪ್ಪಿಸುವಂತೆ ಹೇಳತೊಡಗಿದಳು. ಮೊದಲು ಇಲ್ಲಿದ್ದದ್ದು ಕಪ್ಪು ಪರದೆ. ಪ್ರತಿಯೊಂದು ಅಪ್ಪಣೆಯನ್ನೂ ಅಕ್ಷರ ಅಕ್ಷರವಾಗಿ ಟೈಪ್ ಮಾಡಬೇಕಿತ್ತು; ಒಂದು ಚುಕ್ಕೆ ತಪ್ಪಿದರೂ ಅದು ಜಪ್ಪಯ್ಯ ಅನ್ನುತ್ತಿರಲಿಲ್ಲ. ಆಮೇಲೆ ಚಿತ್ರಗಳು, ಮೌಸ್ ಬಂದವು. ಕೆಲಸಗಾರರು ಎರಡೇ ದಿನದಲ್ಲಿ ಕಲಿತರು. ಆರು ವರ್ಷದ ಕೆಳಗೆ ಅಣ್ಣ ಈ ಪುಕ್ಕಟೆಯದನ್ನೂ ಹಾಕಿ ನೋಡಿದ್ದ.

"ಚೆನ್ನಾಗೇ ಇತ್ತು. ಆದ್ರೆ ನಮ್ಮ ಸಾಣೆ ಯಂತ್ರದ ಸಾಫ್ಟ್‌ವೇರು ಅದರಲ್ಲಿ ಓಡ್ಲಿಲ್ಲ. ಆ ಸಾಫ್ಟ್‌ವೇರು ಮಾಡಿದವರನ್ನ ಕೇಳಿದ್ರೆ, ನಾವು ಅದಕ್ಕೆ ಬರೆದೇ ಇಲ್ಲ ಅಂದ್ರು. ಹದಿಮೂರು ದಿನಕ್ಕೆ ತೆಗೆದುಹಾಕಿದ. ಸಿಸ್ಟಮ್ ಆರಿಸೋದು ನಾವಲ್ಲ, ಯಂತ್ರ ಅಂತಿದ್ದ. ಯಂತ್ರಕ್ಕೆ ಯಾವುದು ಒಗ್ಗುತ್ತೋ, ಕೆಟ್ಟಾಗ ಯಾವುದಕ್ಕೆ ಜನ ಸಿಗ್ತಾರೋ, ಅದನ್ನ ತಗೋಬೇಕು."

ಕಂಪ್ಯೂಟರಿನವನು ತಲೆದೂಗಿದ. "ಸರಿಯಾಗೇ ಹೇಳ್ತಿದ್ರು." ಅದೇ ಕಂಪನಿಯ ಹೊಸದನ್ನು ಕೊಳ್ಳುವುದೆಂದು ತೀರ್ಮಾನವಾಯಿತು.

ಅವನು ಕೀಲಿಮಣೆಯ ಮೇಲೆ ಕೈಯಿಟ್ಟು ತಡೆದ. "ಆರ್ಡರ್‌ಗಳ ನಕಲು ಬೇರೆ ಕಡೆ ಇದೆ, ತೊಂದ್ರೆ ಇಲ್ಲ. ಆದ್ರೆ ನಿಮ್ಮಣ್ಣನ ಹೆಸರಲ್ಲೊಂದು ಫೋಲ್ಡರ್ ಇದೆ. ಬೀಗ ಹಾಕಿಟ್ಟಿದಾರೆ, ನನ್ನ ಕೈಲಿ ತೆಗೆಯೋಕಾಗಲ್ಲ. ಪಾಸ್‌ವರ್ಡ್ ಇಲ್ಲದೆ ಹೊಸದು ಹಾಕ್ಬೇಕಂದ್ರೆ ಎಲ್ಲ ಅಳಿಸ್ಬೇಕು, ಅದೂ ಹೋಗುತ್ತೆ. ಬೇಕಿದ್ರೆ ಡಿಸ್ಕ್ ಬಿಚ್ಚಿ ಕೊಡ್ತೀನಿ, ಮನೇಲಿಟ್ಕೊಳ್ಳಿ."

"ತೆಗೆಯೋಕಾಗಲ್ಲ ಅಂದ್ಮೇಲೆ ಇಟ್ಕೊಂಡು ಏನ್ಮಾಡ್ಲಿ?" ಎಂದಳು. "ಅಳಿಸಿ."

"ಇನ್ನೊಂದ್ಸಲ ಯೋಚನೆ ಮಾಡು" ಎಂದರು ಯಜಮಾನಿ.

"ಮಾಡಿದೆ, ಮೇಡಂ."

ಅವಳು ಅಲ್ಲೇ ನಿಂತು ನೋಡಿದಳು. ಪರದೆಯ ಮೇಲೆ ನೂರಕ್ಕೆ ಎಷ್ಟು ಅಳಿಸಿತೆಂಬ ಸಂಖ್ಯೆ ನಿಧಾನವಾಗಿ ಏರುತ್ತಿತ್ತು. ಯಾರೋ ತಂದಿಟ್ಟ ಚಹಾದ ಮೇಲೆ ಕೆನೆ ಕಟ್ಟಿತು. ನೂರಾದಾಗ ಎದೆಯಲ್ಲಿ ಏನಾದರೂ ಆದೀತು ಎಂದು ಕಾದಳು. ಏನೂ ಆಗಲಿಲ್ಲ.

ಮಧ್ಯಾಹ್ನ ಅತ್ತಿಗೆಗೆ ಫೋನ್ ಮಾಡಿ ಇದ್ದದ್ದು ಇದ್ದಹಾಗೆ ಹೇಳಿದಳು. ಅತ್ತಿಗೆ ಬಯ್ಯುತ್ತಾಳೆ ಅಂದುಕೊಂಡಿದ್ದಳು. ಬಯ್ಯಲಿಲ್ಲ.

"ಅದರಲ್ಲಿ ಏನಿತ್ತೋ" ಎಂದಳು ಅತ್ತಿಗೆ.

"ಗೊತ್ತಿಲ್ಲ ಅತ್ತಿಗೆ."

"ಹೋಗ್ಲಿ ಬಿಡು. ನಾನೂ ನಿನ್ನೆ ಅವರ ಅಂಗಿ ಎಲ್ಲ ಕೊಟ್ಬಿಟ್ಟೆ. ನನಗೂ ಅಳು ಬರ್ಲಿಲ್ಲ. ಸಾಯಂಕಾಲ ಈ ಕಡೆ ಬಾ, ಇಬ್ರೂ ಉಣ್ಣೋಣ."

"ಬರ್ತೀನಿ."

ಮೂರು ಗಂಟೆಗೆ ಹೊಸ ಸಿಸ್ಟಮ್‌ನಿಂದ ಮೊದಲ ಆರ್ಡರ್ ಸಾಣೆ ಯಂತ್ರಕ್ಕೆ ಬಂತು. ಸಾಣೆಯಕ್ಕ ಗಾಜನ್ನು ಬೆಳಕಿಗೆ ಹಿಡಿದು ನೋಡಿ, ಅಳತೆ ಸರಿಯಿದೆ ಎಂದು ಚೀಟಿಯಲ್ಲಿ ಬರೆದು, ಮುಂದಿನ ಗಾಜನ್ನು ಕೈಗೆತ್ತಿಕೊಂಡಳು.