ವಿಶೇಷ ಏನು?

ನಾನು ಹೊಲಿಗೆಯವಳು. ಕೈ, ಬಾಯಿ ಎರಡೂ ಚುರುಕು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅಂಗಡಿಯಲ್ಲಿ ಬಟ್ಟೆ ಬಿಗಿ ಮಾಡುವುದು, ಸಡಿಲ ಮಾಡುವುದು ನನ್ನ ಕೆಲಸ. ಎಂಡೊಮೆಟ್ರಿಯೋಸಿಸ್ ಎಂಬ ಮುಟ್ಟಿನ ನೋವಿನ ಕಾಯಿಲೆಗೆ ಆಪರೇಷನ್ ಆದಮೇಲೆ ಮಾತ್ರ ಒಂದು ಕೆಲಸವನ್ನು ಜೊತೆಯವಳ ಕಡೆ ತಳ್ಳುತ್ತಿದ್ದೇನೆ, ಬಸುರಿಯರ ಅಂಗಿಯ ಪಕ್ಕದ ಹೊಲಿಗೆ ಬಿಚ್ಚಿ ಸಡಿಲ ಮಾಡುವುದು. ಏಕೆಂದು ಅವಳು ಕೇಳಿಲ್ಲ. ಕೇಳಿದ್ದರೆ ಹೊಟ್ಟೆಕಿಚ್ಚು ಎಂದೇ ಹೇಳಿಬಿಡುತ್ತಿದ್ದೆ.

ಡಾಕ್ಟರಮ್ಮ ಒಂದು ಅಂಡಾಶಯ ತೆಗೆದರು. "ಇನ್ನೊಂದಿದೆ, ಮಗು ಆಗಬಹುದು. ಆದ್ರೆ ತುಂಬಾ ಕಾಯ್ಬೇಡಿ" ಎಂದರು. ಆ 'ಬಹುದು' ಎದೆಯ ಮೇಲೆ ಕೂತುಬಿಟ್ಟಿದೆ. ಗಂಡ ಅದರ ಮಾತೇ ಎತ್ತುವುದಿಲ್ಲ. ತಿಂಗಳು ತಿಂಗಳೂ ನಾನು ಬಚ್ಚಲಿಂದ ಹೊರಬಂದಾಗ ಮುಖ ನೋಡುತ್ತಾನೆ, ಆಮೇಲೆ ಟಿವಿ ನೋಡುತ್ತಾನೆ. ಒಂದೇ ಸೋಫಾದಲ್ಲಿ ಪಕ್ಕದಲ್ಲೇ ಕೂತರೂ ನಾನು ಒಂಟಿ.

ನೆಂಟರದ್ದೆಲ್ಲ ಒಂದೇ ರಾಗ: "ಏನಮ್ಮ, ಏನಾದ್ರೂ ವಿಶೇಷ?" ಬಸಿರಾದೆಯಾ ಎಂದು ಬಾಯಿಬಿಟ್ಟು ಕೇಳಲಾರದವರಿಗೆ ಆ ಪದ ಸಿಕ್ಕಿದೆ. "ಏನೂ ಇಲ್ಲ" ಎಂದು ಹಲ್ಲು ಕಚ್ಚಿ ಹೇಳುತ್ತಾ ಬಂದೆ.

ಈ ಭಾನುವಾರ ಬೆಳಿಗ್ಗೆ ಮತ್ತೆ ಮುಟ್ಟಾಯಿತು. ಹೊಟ್ಟೆ ಹಿಡಿದುಕೊಂಡು ಒಲೆಯ ಮುಂದೆ ನಿಂತಿದ್ದಾಗ ಅತ್ತೆಯ ಫೋನ್ ಬಂತು.

"ಏನಮ್ಮ, ಇವತ್ತೇನು ವಿಶೇಷ?"

ಸಿಟ್ಟು ನೆತ್ತಿಗೇರಿತು. "ಯಾವ ವಿಶೇಷನೂ ಇಲ್ಲ ಅತ್ತೆ. ಒಂದು ಅಂಡಾಶಯ ತೆಗೆದುಬಿಟ್ಟಿದ್ದಾರೆ, ಇನ್ನೊಂದರ ಗತಿ ಏನೋ ಗೊತ್ತಿಲ್ಲ. ಈ ತಿಂಗಳೂ ಇಲ್ಲ, ಮುಂದೆ ಆಗುತ್ತೋ ಇಲ್ವೋ. ಇನ್ನು ಕೇಳ್ಬೇಡಿ."

ಅತ್ತೆ ಮೆಲ್ಲಗೆ, "ಅಡುಗೆ ಏನು ಅಂತ ಕೇಳ್ದೆ ಕಣಮ್ಮ. ಭಾನುವಾರ ಅಲ್ವಾ" ಎಂದರು.

ನಾಲಿಗೆ ಕಚ್ಚಿಕೊಂಡೆ.

"ಅವನು ಅಪೆಂಡಿಕ್ಸ್ ಆಪರೇಷನ್ ಅಂದಿದ್ನಲ್ಲ" ಎಂದರು ಅತ್ತೆ.

ಹಾಲ್‌ನಲ್ಲಿ ಟಿವಿಯ ಸದ್ದು ನಿಂತಿತು. ಗಂಡನಿಗೆ ಎಲ್ಲ ಕೇಳಿಸಿದೆ, ಎದ್ದು ಬರಲಿಲ್ಲ. ನನ್ನ ಕಾಯಿಲೆಯ ಹೆಸರು ಹೇಳುವುದಕ್ಕೂ ಅವನಿಗೆ ನಾಚಿಕೆಯಾಗಿತ್ತು. ಹೊಟ್ಟೆಯ ನೋವಿಗಿಂತ ಅದೇ ಹೆಚ್ಚು ಸಂಕಟವಾಯಿತು. ಇನ್ನು ಅತ್ತೆ ಮೊಮ್ಮಗುವಿನ ಮಾತೆತ್ತಿ ಅಳುತ್ತಾರೆ ಎಂದು ಕಾದೆ.

"ತುಂಬಾ ನೋವಾಗುತ್ತಾ?" ಎಂದರು.

ಇಷ್ಟು ದಿನ ಎಲ್ಲರೂ ಮಗುವಿನ ಬಗ್ಗೆಯೇ ಕೇಳಿದ್ದರು.

"ಏನೂ ಇಲ್ಲ" ಎಂದೆ, ಅಭ್ಯಾಸಬಲ. ಆಮೇಲೆ ಒಲೆ ಆರಿಸಿ, ಅಡುಗೆಮನೆಯ ನೆಲದ ಮೇಲೆ ಕೂತು, "ಆಗುತ್ತೆ ಅತ್ತೆ" ಎಂದೆ.