ಹನ್ನೊಂದು ಪ್ರೇಕ್ಷಣೀಯ ಸ್ಥಳಗಳು

"ಏಳು ಆಯ್ತು, ಇನ್ನು ನಾಲ್ಕೇ ನಾಲ್ಕು. ಹತ್ತಿ, ಹತ್ತಿ!" ಎಂದು ಪುಟ್ಟಸ್ವಾಮಿ ಪೆನ್ಸಿಲಿನಿಂದ ಕಾರಿನ ಬಾಗಿಲು ಕುಟ್ಟಿದಾಗ, ಆ ಪೆನ್ಸಿಲನ್ನು ಕಿತ್ತು ಸಮುದ್ರಕ್ಕೆ ಎಸೆಯಬೇಕೆನ್ನಿಸಿತು ಸಾಂತಪ್ಪನಿಗೆ. ಎಸೆಯಲಿಲ್ಲ. ಕಾರು ಹತ್ತಿದ.

ಭಾನುವಾರ, ಬೆಳಗಿನ ಎಂಟು ಗಂಟೆ. ಹನ್ನೊಂದಕ್ಕೆ ಮಾಹೆ ಬಿಡಬೇಕು. ಅಷ್ಟರೊಳಗೆ ನಾಲ್ಕು ಸ್ಥಳ ನೋಡಿ ಮುಗಿಸಬೇಕು. ಇಲ್ಲದಿದ್ದರೆ ಪುಟ್ಟಸ್ವಾಮಿಯ ಪಟ್ಟಿಯಲ್ಲಿ ನಾಲ್ಕು ಸಾಲು ಗೀಟು ಬೀಳದೆ ಉಳಿಯುತ್ತವೆ. ಅವನು ಮರಾಮತ್ತು ಇಲಾಖೆಯ ಓವರ್‌ಸಿಯರ್, ಕುಶಾಲನಗರದ ಕಡೆಯವನು. ರಸ್ತೆ ಅಳೆಯುವ ಹಾಗೆಯೇ ಊರನ್ನೂ ಅಳೆಯುತ್ತಿದ್ದ.

ಮೂರು ಜನಕ್ಕೂ ಇದೇ ಮೊದಲ ಪರದೇಶ. ಪರದೇಶವೆಂದರೆ ವಿರಾಜಪೇಟೆಯಿಂದ ಅರವತ್ತು ಮೈಲಿ. ನಿನ್ನೆ ಅರ್ಧ ದಿನದ ಸ್ಕೂಲು ಬಿಟ್ಟ ಕೂಡಲೆ ಹೊರಟು, ಮಾಕುಟ್ಟದ ಘಟ್ಟ ಇಳಿದು, ತಲಚೇರಿ ದಾಟಿ, ಒಂದು ಸೇತುವೆಯ ಆಚೆಗೆ ಹೋದರೆ ಮಾಹೆ, ಫ್ರೆಂಚರ ರಾಜ್ಯ. ಕೆಂಪು ಟೊಪ್ಪಿಯ ಪೊಲೀಸನನ್ನು ಕಂಡದ್ದೇ ತಡ, ಜಯಪ್ಪ ಕಾರಿನಿಂದ ತಲೆ ಹೊರಗೆ ಹಾಕಿ "ಬೋಂಜೂರ್!" ಎಂದು ಕೂಗಿದ್ದ. ಫ್ರೆಂಚರ ನಮಸ್ಕಾರದ ಆ ಒಂದು ಮಾತನ್ನು ಅವನಿಗೆ ದಾರಿಯಲ್ಲಿ ಕಲಿಸಿದವನು ಸಾಂತಪ್ಪನೇ. ಅದಾದ ಮೇಲೆ ಆ ಮಾತು ಮೀನು ಮಾರುವವಳಿಗೂ ಬಿತ್ತು, ಪಾದ್ರಿಗೂ ಬಿತ್ತು, ದಾರಿಯಲ್ಲಿ ಮಲಗಿದ್ದ ಎಮ್ಮೆಗೂ ಬಿತ್ತು. ಪ್ರತಿ ಸಲವೂ ಜಯಪ್ಪ ನಕ್ಕ. ಪ್ರತಿ ಸಲವೂ ಸಾಂತಪ್ಪ ಹಲ್ಲು ಕಚ್ಚಿದ.

ಜಯಪ್ಪ ಮೆಣಸು, ಕಾಫಿ ವ್ಯಾಪಾರಿ; ಕಾರು ಅವನದು. ಸಾಂತಪ್ಪ ವಿರಾಜಪೇಟೆ ಹೈಸ್ಕೂಲಿನ ಚರಿತ್ರೆ ಮೇಷ್ಟ್ರು. ಶನಿವಾರಸಂತೆ ಕಡೆಯ ಶಿವಾಚಾರದ ಮನೆಯಿಂದ ಬಂದವನು. ಎದೆಯ ಮೇಲಿನ ಲಿಂಗದ ಕರಡಿಗೆ ಇನ್ನೂ ಹಾಗೆಯೇ ಇತ್ತು, ನಂಬಿಕೆ ಮಾತ್ರ ಬಿ.ಎ. ಓದುವಾಗಲೇ ಎಲ್ಲೋ ಬಿದ್ದುಹೋಗಿತ್ತು.

ಮೂರು ಜನ ಎಂದು ಹೇಳುವುದು ರೂಢಿ. ಕಾರಿನಲ್ಲಿ ನಾಲ್ಕು ಜನರಿದ್ದರು. ನಾಲ್ಕನೆಯವನು ಡ್ರೈವರ್ ಜವರ. ಐವತ್ತರ ಹತ್ತಿರದ ವಯಸ್ಸು, ಮಾತು ಕಡಿಮೆ. ಹಿಂದೆ ಮರದ ಲಾರಿ ಓಡಿಸಿಕೊಂಡು ಕರಾವಳಿಯೆಲ್ಲ ಸುತ್ತಿದವನು, ಮಲಯಾಳ ನೀರು ಕುಡಿದ ಹಾಗೆ ಬರುತ್ತಿತ್ತು. ಊಟಕ್ಕೆ ಹೇಳಿದವನು, ರೂಮು ಹಿಡಿದವನು, ದಾರಿ ಕೇಳಿದವನು ಎಲ್ಲ ಅವನೇ. ಅವನಿಲ್ಲದಿದ್ದರೆ ಮೂವರು ವಿದ್ಯಾವಂತರು ಆ ಊರಿನಲ್ಲಿ ಬರಿಯ ಬೋಂಜೂರ್ ತಿಂದುಕೊಂಡು ಇರಬೇಕಾಗುತ್ತಿತ್ತು.

ಎಂಟನೆಯದು ನದಿ ಸಮುದ್ರಕ್ಕೆ ಸೇರುವ ಜಾಗ. ಎರಡು ನಿಮಿಷ. ಒಂಬತ್ತನೆಯದು ಅಲ್ಲೇ ಪಕ್ಕದ ತೋಟದಲ್ಲಿದ್ದ ಕಲ್ಲಿನ ಹೆಂಗಸು.

ಇದೊಂದಕ್ಕಾಗಿಯೇ ಸಾಂತಪ್ಪ ಬಂದದ್ದು. ಫ್ರಾನ್ಸಿನ ಮಹಾಕ್ರಾಂತಿಯನ್ನು ಅವನು ಒಂಬತ್ತು ವರ್ಷದಿಂದ ಪಾಠ ಮಾಡುತ್ತಿದ್ದ. ಆ ಕ್ರಾಂತಿಯ ಸಂಕೇತವಾದ ಹೆಣ್ಣು ಇಷ್ಟು ಹತ್ತಿರದಲ್ಲಿ ನಿಂತಿದ್ದಾಳೆಂದು ಎಲ್ಲೋ ಓದಿದಾಗ ಅವನ ಎದೆ ಹೊಡೆದುಕೊಂಡಿತ್ತು. ಈಗ ಎದುರಿಗೆ ನಿಂತ. ಏನೂ ಆಗಲಿಲ್ಲ. ಅವಳ ಮೂಗಿನ ಮೇಲೆ ಕಾಗೆ ಹಿಕ್ಕೆ ಒಣಗಿತ್ತು.

"ಫೋಟೊ!" ಎಂದ ಜಯಪ್ಪ. ಕ್ಯಾಮೆರಾವನ್ನು ಜವರನ ಕೈಗೆ ಕೊಟ್ಟು, ಎಲ್ಲಿ ಒತ್ತಬೇಕೆಂದು ಹತ್ತನೆಯ ಸಲ ತೋರಿಸಿದ. ಮೂವರೂ ಕಲ್ಲಿನ ಹೆಂಗಸಿನ ಕೆಳಗೆ ಸಾಲಾಗಿ ನಿಂತರು. ಜವರ ಒತ್ತಿದ. ಆಮೇಲೆ ಕ್ಯಾಮೆರಾ ವಾಪಸು ಕೊಡುತ್ತ ಸಾಂತಪ್ಪನನ್ನು ಮೆಲ್ಲಗೆ ಕೇಳಿದ:

"ಯಾರು ಮೇಷ್ಟ್ರೇ ಆವಮ್ಮ? ದೇವ್ರಾ?"

"ಅಲ್ಲ. ಮನುಷ್ಯರೆಲ್ಲ ಒಂದೇ, ಮೇಲಿಲ್ಲ ಕೆಳಗಿಲ್ಲ ಅಂತ ಹೇಳೋಳು."

"ಹೌದಾ?" ಜವರ ತಲೆಯೆತ್ತಿ ನೋಡಿದ. "ಯಾರಿಗೆ ಹೇಳ್ತಾಳೆ?"

ಅಷ್ಟರಲ್ಲಿ ಪುಟ್ಟಸ್ವಾಮಿಯ ಪೆನ್ಸಿಲು ಕಾರಿನ ಬಾಗಿಲು ಕುಟ್ಟಿತು.

ಹತ್ತು, ಕೋರ್ಟು, ಬೀಗ ಹಾಕಿತ್ತು, ಬೀಗವನ್ನೇ ನೋಡಿದರು. ಹನ್ನೊಂದು, ಕ್ರೈಸ್ತರ ಇಗರ್ಜಿ. ಒಳಗೆ ಪೂಜೆ ನಡೆಯುತ್ತಿತ್ತು. ಜಯಪ್ಪ ಬಾಗಿಲಲ್ಲೇ ನಿಂತು ಗಟ್ಟಿಯಾಗಿ, "ನಮ್ಮ ಕಡೆ ದೇವರೇ ವಾಸಿ ಕಣಯ್ಯ, ಕಾಯಿ ಹೋಳಾದ್ರೂ ಸಿಕ್ತದೆ" ಎಂದ. ಮೊಣಕಾಲೂರಿದ್ದ ಮುದುಕಿಯೊಬ್ಬಳು ತಿರುಗಿ ನೋಡಿದಳು. ಅವಳು ನೋಡಿದ್ದು ಜಯಪ್ಪನನ್ನಲ್ಲ, ಸಾಂತಪ್ಪನನ್ನು. ಅವನ ಪಿತ್ತ ನೆತ್ತಿಗೇರಿತು. ಈ ಮನುಷ್ಯನ ಸಹವಾಸ ಇಂದಿಗೆ ಸಾಕು, ಊರು ಮುಟ್ಟಿದ ಮೇಲೆ ಮುಖಕ್ಕೆ ಹೇಳಿಬಿಡುತ್ತೇನೆ ಎಂದುಕೊಂಡ. ಹಾಗೆಂದುಕೊಂಡದ್ದರಿಂದ ಸ್ವಲ್ಪ ಸಮಾಧಾನವಾಯಿತು. ಸಿಟ್ಟು ಬಂದಾಗಲೆಲ್ಲ ತಾನು ಇವರಿಗಿಂತ ಒಂದು ಮೆಟ್ಟಿಲು ಮೇಲಿದ್ದೇನೆಂದು ಅವನಿಗೆ ಅನ್ನಿಸುತ್ತಿತ್ತು.

ಹಿಂದಿನ ಸೀಟಿನ ಕೆಳಗೆ, ಮೆತ್ತೆಯ ಅಡಿಯಲ್ಲಿ ಆರು ಬಾಟಲಿ ಬ್ರಾಂದಿ ಇತ್ತು. ಮಾಹೆಯಲ್ಲಿ ಅದು ಸೋಡಾದ ಹಾಗೆ ಸಿಗುತ್ತಿತ್ತು. ಕೊಡಗಿನಲ್ಲೂ ತೊಂದರೆಯಿಲ್ಲ. ನಡುವೆ ಇರುವ ಮಲಬಾರು ಮಾತ್ರ ಮದ್ರಾಸಿಗೆ ಸೇರಿದ್ದು, ಅಲ್ಲಿ ಪಾನನಿರೋಧ. ನಿನ್ನೆ ಸಂಜೆ ಬಾಟಲಿ ತುಂಬುವಾಗ ಜವರ, "ಬ್ಯಾಡಿ ಬುದ್ಧಿ, ದಾರಿಲಿ ಹಿಡೀತಾರೆ" ಎಂದಿದ್ದ. "ಸುಮ್ಕೆ ಗಾಡಿ ಓಡ್ಸೋದು ಕಲಿ" ಎಂದಿದ್ದ ಜಯಪ್ಪ. ಮೂರು ಬಾಟಲಿ ಜಯಪ್ಪನದು, ಎರಡು ಪುಟ್ಟಸ್ವಾಮಿಯದು. ಒಂದು ಸಾಂತಪ್ಪನದು.

ಘಟ್ಟದ ಬುಡದ ಚೌಕಿಯಲ್ಲಿ ಕಾರು ನಿಲ್ಲಿಸಿದರು.

ಮಧ್ಯಾಹ್ನ ಎರಡು ಗಂಟೆಯ ಬಿಸಿಲು. ಪೇದೆಯೊಬ್ಬ ಎಲ್ಲರನ್ನೂ ಇಳಿಸಿ, ಬಂದವನೇ ನೇರ ಮೆತ್ತೆ ಎತ್ತಿದ. ಮಾಹೆಯಿಂದ ಬರುವ ಕಾರುಗಳಲ್ಲೆಲ್ಲ ಅದೇ ಜಾಗ, ಅವನಿಗೆ ಹುಡುಕುವ ಕಷ್ಟವೂ ಇರಲಿಲ್ಲ. ಆರು ಬಾಟಲಿಗಳನ್ನು ರಸ್ತೆಯ ಬದಿಗೆ ಸಾಲಾಗಿ ಇಟ್ಟ.

ಸಬ್‌ಇನ್ಸ್‌ಪೆಕ್ಟರ್ ಎಳೆಯ ಪ್ರಾಯದವನು. ಮೊದಲು ಜವರನನ್ನು ಮಲಯಾಳದಲ್ಲಿ ಏನೋ ಕೇಳಿದ. ಜವರ ಏನೋ ಹೇಳಿದ. ಎರಡು ದಿನದಲ್ಲಿ ಅವನು ಅಷ್ಟು ಉದ್ದ ಮಾತಾಡಿದ್ದು ಸಾಂತಪ್ಪ ಕೇಳಿರಲಿಲ್ಲ. ಒಂದು ಪದವೂ ಅರ್ಥವಾಗಲಿಲ್ಲ. ಜಯಪ್ಪನ ಕಿವಿ ಕೆಂಪಾಯಿತು. ಅವನು ಮುಂದೆ ಬಂದು, ತನಗೆ ಬರುತ್ತಿದ್ದಷ್ಟು ಇಂಗ್ಲಿಷಿನಲ್ಲಿ, ಕಾರು ಮಾತ್ರ ತನ್ನದು, ಡ್ರೈವರು ಅದರಲ್ಲಿ ಏನು ತುಂಬಿದ್ದಾನೋ ತನಗೆ ಗೊತ್ತಿಲ್ಲ ಎಂದ. ಪುಟ್ಟಸ್ವಾಮಿ ತಾನು ಕೊಡಗು ಸರ್ಕಾರದ ನೌಕರ ಎಂದಷ್ಟೇ ಹೇಳಿ, ಉಳಿದದ್ದನ್ನು ಕೇಳುವವರ ಊಹೆಗೆ ಬಿಟ್ಟ.

ಸಬ್‌ಇನ್ಸ್‌ಪೆಕ್ಟರ್ ಸಾಂತಪ್ಪನ ಕಡೆ ತಿರುಗಿದ. ಖಾದಿ ಜುಬ್ಬ, ಕನ್ನಡಕ, ಜೇಬಿನಲ್ಲಿ ಪೆನ್ನು.

"ತಾವು?"

"ಉಪಾಧ್ಯಾಯ."

ಆ ಹುಡುಗನ ಮುಖದಲ್ಲಿ ಒಂದು ಗೌರವ ಮೂಡಿತು. ಅವನೂ ಯಾವ ಮೇಷ್ಟ್ರ ಕೈಯಲ್ಲೋ ಪೆಟ್ಟು ತಿಂದು ಕಲಿತವನಿರಬೇಕು. ಇಂಗ್ಲಿಷಿನಲ್ಲಿ, ಬಹಳ ವಿನಯದಿಂದ, "ಹಾಗಾದರೆ ತಾವೇ ಹೇಳಿ ಸಾರ್. ತಮ್ಮ ಮಾತನ್ನು ನಾನು ನಂಬುತ್ತೇನೆ. ಇವು ಯಾರವು?" ಎಂದ.

ಸಾಂತಪ್ಪ ಬಾಟಲಿಗಳನ್ನು ನೋಡಿದ. ಬಲಗಡೆಯಿಂದ ಎರಡನೆಯದು ತನ್ನದು. ಮುಚ್ಚಳದ ಮೇಣ ಸ್ವಲ್ಪ ಒಡೆದಿತ್ತು. ಆಡಬೇಕಾದ ವಾಕ್ಯ ಬಹಳ ಸಣ್ಣದು. ಅದನ್ನು ಅವನು ಮನಸ್ಸಿನಲ್ಲಿ ಪೂರ್ತಿ ಕಟ್ಟಿದ. ಆಮೇಲೆ ಬೇರೆ ಯಾರೋ ಹೇಳಿದ ಹಾಗೆ ತನ್ನ ದನಿ ಕೇಳಿಸಿತು:

"ನಾನು ನಿದ್ದೆ ಮಾಡ್ತಿದ್ದೆ."

ಇದು ಸುಳ್ಳೂ ಅಲ್ಲ. ಕೂತುಪರಂಬ ದಾಟಿದ ಮೇಲೆ ಒಂದು ಜೊಂಪು ಹತ್ತಿತ್ತು.

ಪೇದೆ ಬಂದು ತೋಳು ಹಿಡಿದಾಗ ಜವರ ಸಾಂತಪ್ಪನ ಕಡೆ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಸಾಂತಪ್ಪನಿಗೆ ಎಷ್ಟೋ ಹಗುರಾಗುತ್ತಿತ್ತು. ಮಳೆ ಬಂದಾಗ ಮೋಡ ನೋಡುತ್ತಾರಲ್ಲ, ಹಾಗೆ ನೋಡಿ, ಜೇಬಿನಿಂದ ಕೀಲಿ ತೆಗೆದು ಜಯಪ್ಪನಿಗೆ ಕೊಟ್ಟ.

"ಮೂರನೇ ಗೇರು ಜಾರ್ತದೆ ಬುದ್ಧಿ. ಯಾರಾದ್ರೂ ಕೈಯಲ್ಲಿ ಅದುಮಿ ಹಿಡ್ಕಂಡೇ ಇರ್ಬೇಕು. ಘಟ್ಟದಾಗೆ ನಿಧಾನ ಹೋಗಿ."

ಜಯಪ್ಪನಿಗೆ ಕಾರು ಓಡಿಸುವುದು ಅಷ್ಟಕ್ಕಷ್ಟೆ. ಆದ್ದರಿಂದ ಸಾಂತಪ್ಪ ಮುಂದಿನ ಸೀಟಿನಲ್ಲಿ ಕುಳಿತು, ಘಟ್ಟದ ಉದ್ದಕ್ಕೂ ಮೂರನೇ ಗೇರನ್ನು ಬಲಗೈಯಲ್ಲಿ ಅದುಮಿ ಹಿಡಿದ.

ಮೂರು ತಿರುವು ದಾಟಿದರು.

"ನಾಳೆ ವಕೀಲರಿಗೆ ಹೇಳ್ತೀನಿ," ಎಂದ ಜಯಪ್ಪ. "ಎರಡು ದಿನ. ಬಿಟ್ಬಿಡ್ತಾರೆ."

"ಬಿಡದೇ ಏನು," ಎಂದ ಪುಟ್ಟಸ್ವಾಮಿ ಹಿಂದಿನಿಂದ. "ಹೆಚ್ಚೂಂದ್ರೆ ಮೂರು ತಿಂಗಳು."

ಮತ್ತೆ ನಾಲ್ಕು ತಿರುವು. ಪುಟ್ಟಸ್ವಾಮಿ ಪಟ್ಟಿ ಬಿಚ್ಚಿದ ಸದ್ದಾಯಿತು. "ಒಂದೂವರೆ ದಿನಕ್ಕೆ ಹನ್ನೊಂದು ಸ್ಥಳ. ಯಾರು ನೋಡಿದ್ದಾರೆ ಹೇಳಿ? ಚೌಕಿ ಸೇರಿಸಿದ್ರೆ ಹನ್ನೆರಡು."

ಜಯಪ್ಪ ನಕ್ಕ. ಮೊದಲು ಮೂಗಿನಲ್ಲಿ, ಆಮೇಲೆ ಬಾಯಿ ಬಿಟ್ಟು.

ಸಾಂತಪ್ಪನ ಮೈ ಹೊತ್ತಿ ಉರಿಯಿತು. ನಿಲ್ಲಿಸಿ ಕಾರು, ಹಿಂದಕ್ಕೆ ತಿರುಗಿಸಿ, ನೀವು ಮನುಷ್ಯರಾ ಎಂದು ಬೊಬ್ಬೆ ಹೊಡೆಯಬೇಕು. ಅವನು ಅದನ್ನು ಮನಸ್ಸಿನಲ್ಲಿ ಹೇಳಿ ನೋಡಿದ. 'ಮನುಷ್ಯರಾ' ಎನ್ನುವುದು ಸ್ವಲ್ಪ ನಾಟಕದ ಹಾಗೆ ಕೇಳಿಸಿತು. ಬದಲಾಯಿಸಿದ. ಮಾಕುಟ್ಟದಲ್ಲಿ ಆ ಮಾತಿಗೆ ಒಂದು ಒಳ್ಳೆಯ ಆರಂಭ ಸಿಕ್ಕಿತು. ಪೆರುಂಬಾಡಿಯ ಹೊತ್ತಿಗೆ ಒಂದು ಉದಾಹರಣೆಯೂ ಸೇರಿಕೊಂಡಿತು. ಪ್ರತಿ ತಿರುವಿನಲ್ಲೂ ಭಾಷಣ ತಿದ್ದಿಕೊಳ್ಳುತ್ತ, ತೂಕವಾಗುತ್ತ, ವ್ಯಾಕರಣಶುದ್ಧವಾಗುತ್ತ ಬಂತು. ವಿರಾಜಪೇಟೆಯ ಗಡಿಯಾರ ಕಂಬ ಕಂಡಾಗ ಅದರಲ್ಲಿ ಒಂದು ಅಕ್ಷರ ಕೂಡ ತಪ್ಪಿರಲಿಲ್ಲ. ಕೈ ಮಾತ್ರ ಗೇರಿನ ಮೇಲೇ ಇತ್ತು.

ಜಯಪ್ಪನ ಗೋದಾಮಿನ ಮುಂದೆ ಕಾರು ನಿಂತಾಗ ಐದು ಗಂಟೆ. ಪುಟ್ಟಸ್ವಾಮಿ ಚೀಲ ಎತ್ತಿಕೊಂಡು ಮಡಿಕೇರಿ ಬಸ್ಸಿಗೆ ಓಡಿದ. ಜಯಪ್ಪ ಇಳಿದು ಪಂಚೆ ಸರಿಮಾಡಿಕೊಂಡ.

"ಜವರನ ಹೆಂಡ್ತಿ ಬತ್ತಾಳೆ. ನೀವೇ ಒಂದು ಮಾತು ಹೇಳ್ಬಿಡಿ ಮೇಷ್ಟ್ರೇ. ಹೇಳೋ ರೀತಿ ನಿಮಗೆ ಗೊತ್ತು."

"ನೋಡಿ ಜಯಪ್ಪ..." ಎಂದು ಸಾಂತಪ್ಪ ಶುರುಮಾಡಿದ.

"ಹಾಂ?"

"ಏನಿಲ್ಲ."

ಜಯಪ್ಪ ಪಕ್ಕದ ಬಾಗಿಲಿಂದ ಒಳಗೆ ಹೋದ.

ಗೋದಾಮಿನ ಹಿಂದೆ ಜವರನ ಸಂಸಾರವಿದ್ದ ಕೋಣೆಯಿಂದ ನಿಂಗಮ್ಮ ಎರಡು ಕೈಯಲ್ಲೂ ನೀರಿನ ಬಕೆಟ್ಟು ಹಿಡಿದು ಬಂದಳು. ಡ್ರೈವರಿನ ಸೀಟನ್ನು ನೋಡಿದಳು, ಹಿಂದಿನ ಸೀಟನ್ನು ನೋಡಿದಳು, ಆಮೇಲೆ ಸಾಂತಪ್ಪನನ್ನು.

"ಅವ್ರೆಲ್ಲಿ ಅಯ್ಯಾ?"

"ಬರ್ತಾನೆ."

"ಹಿಂದಿನ ಬಸ್ಸಲ್ಲಾ?"

"ಬರ್ತಾನೆ ಅಂದ್ನಲ್ಲ."

"ಹುಷಾರಿಲ್ವಾ? ದಣಿಗಳೇ ಯಾಕೆ ಓಡಿಸ್ಕಂಡು ಬಂದ್ರು?"

ಆಗ ಬಂತು. ಘಟ್ಟದ ಬುಡದಿಂದ ತುಂಬಿಕೊಂಡು ಬಂದದ್ದೆಲ್ಲ ಒಂದೇ ಸಲಕ್ಕೆ ಬಂತು.

"ನನ್ನನ್ನೇನು ಕೇಳ್ತೀಯ? ನಿನ್ನ ಗಂಡನ್ನ ನನ್ನ ಕೈಗೆ ಕೊಟ್ಟು ಕಳಿಸಿದ್ಯಾ? ಪೊಲೀಸ್ನೋರು ಹಿಡಿದು ಕೂರಿಸಿದ್ದಾರೆ ಅವನನ್ನ! ನನ್ನದಲ್ಲ ಅಂತ ಒಂದು ಮಾತು ಗಟ್ಟಿಯಾಗಿ ಹೇಳೋಕೆ ಆಗ್ಲಿಲ್ವಾ ಅವನಿಗೆ? ಬಾಯಿರಲಿಲ್ವಾ? ಅಷ್ಟು ಮಲಯಾಳ ಬರ್ತಿತ್ತಲ್ಲ! ಗಂಡಸಾದವನು ಬಾಯಿ ಮುಚ್ಕೊಂಡು ನಿಂತ್ರೆ ಯಾರು ಏನು ಮಾಡೋಕಾಗ್ತದೆ?"

ಎದುರಿನ ಅಂಗಡಿಯವರು ಎದ್ದು ನೋಡಿದರು. ಎರಡು ದಿನದಲ್ಲಿ ಮೊದಲ ಬಾರಿಗೆ ಅವನ ದನಿ ಅವನಿಗೆ ಪರಿಚಯದ್ದಾಗಿ ಕೇಳಿಸಿತು. ಅದು ಕ್ಲಾಸಿನ ದನಿ. ಕಡೆಯ ಬೆಂಚಿನ ಹುಡುಗರನ್ನು ನಿಲ್ಲಿಸಿ ಬೈಯುವಾಗಿನ ದನಿ.

ನಿಂಗಮ್ಮ ಅಳಲಿಲ್ಲ. ಬಕೆಟ್ಟುಗಳನ್ನು ನೆಲಕ್ಕಿಟ್ಟಳು.

"ಯಾವ ಚೌಕಿ ಅಯ್ಯಾ?"

ಹೇಳಿದ.

"ಬೆಳಗ್ಗೆ ಅತ್ಲಾಗೆ ಮೊದಲ್ನೇ ಬಸ್ಸು ಎಷ್ಟೊತ್ತಿಗೆ?"

ಅವನಿಗೆ ಗೊತ್ತಿರಲಿಲ್ಲ.

ಅವಳು ಗೋದಾಮಿನ ಕಿಟಕಿಯ ಕಡೆ ಒಮ್ಮೆ ನೋಡಿದಳು. ಪರದೆಯ ಹಿಂದೆ ಯಾರೋ ಸರಿದ ಹಾಗಾಯಿತು. ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿ, ಬಟ್ಟೆ ಅದ್ದಿ, ಕಾರು ತೊಳೆಯಲು ಶುರುಮಾಡಿದಳು. ತೊಳೆಯದಿದ್ದರೆ ನಾಳೆ ಆ ಕೋಣೆಯೂ ಇರುವುದಿಲ್ಲ ಎಂಬುದು ಸಾಂತಪ್ಪನಿಗೆ ತಡವಾಗಿ ಹೊಳೆಯಿತು. ಘಟ್ಟದ ಕೆಂಪು ಮಣ್ಣು ಕರಗಿ ಚಕ್ರದಿಂದ ಧಾರೆಯಾಗಿ ಇಳಿಯಿತು. ಹೋಗಬೇಕೆಂದುಕೊಂಡ. ಹೋಗಲಿಲ್ಲ. ಏನೋ ಒಂದು ಮಾತು ಬಾಕಿ ಇದೆ ಎಂದು ನಿಂತ. ಯಾವ ಮಾತೆಂದು ನೆನಪಾಗಲಿಲ್ಲ.

ನೀರು ಅವನ ಚಪ್ಪಲಿಗೆ ತಾಗಿ ನಿಂತಿತು.

"ಕಾಲು ಒಸಿ ತೆಗೀರಿ ಅಯ್ಯಾ," ಎಂದಳು ನಿಂಗಮ್ಮ, ತಲೆಯೆತ್ತದೆ. "ನೀರು ಹೋಗ್ಲಿ."

ಅವನು ಬಲಗಾಲು ಎತ್ತಿದ. ನೀರು ಹರಿದು ಹೋಯಿತು, ಸುತ್ತ ಬಳಸಿತು, ಇನ್ನೊಂದು ಕಡೆಯಿಂದಲೂ ಬಂತು. ನಿಂಗಮ್ಮ ಮುಂದಿನ ಚಕ್ರಕ್ಕೆ ಹೋದಳು. ಸಾಂತಪ್ಪ ಎತ್ತಿದ ಕಾಲನ್ನು ಎಲ್ಲಿ ಇಡಬೇಕೆಂದು ತಿಳಿಯದೆ, ಪೇಟೆಯ ನಡುವೆ, ಒಂಟಿ ಕಾಲಿನಲ್ಲಿ ನಿಂತೇ ಇದ್ದ.